ನದಿಯಾಚೆಯ ಭಂಡಾರ

ನವೆಂಬರ್ 26, 2025. ಬುಧವಾರ, ಬೆಳಗಿನ ಹನ್ನೊಂದು ದಾಟಿದೆ. ಲಂಡನ್ನಿನ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನ ಪುಟ್ಟ ತೋಟದಲ್ಲಿ ನೀವು ನದಿಗೆ ಮುಖ ಮಾಡಿ ನಿಂತಿದ್ದೀರಿ. ಬೆನ್ನಿಗೆ ಬಸ್ಸುಗಳ ಗದ್ದಲ, ಮುಂದೆ ಮಣ್ಣುಬಣ್ಣದ ಥೇಮ್ಸ್. ಪಕ್ಕದಲ್ಲಿ ಎತ್ತರದ ಪೀಠದ ಮೇಲೆ ಬಸವಣ್ಣ. ಲ್ಯಾಂಬೆತ್‌ನ ಮೇಯರ್ ಆಗಿದ್ದ ಕಲಬುರಗಿ ಮೂಲದ ನೀರಜ್ ಪಾಟೀಲರು ಓಡಾಡಿ ತರಿಸಿದ ಪ್ರತಿಮೆ ಇದು. 2015ರ ನವೆಂಬರ್ 14ರಂದು ನರೇಂದ್ರ ಮೋದಿ ಇದನ್ನು ಅನಾವರಣ ಮಾಡಿದರು. ಎಡಕ್ಕೆ ನೋಡಿದರೆ ವಾಕ್ಸ್‌ಹಾಲ್‌ನ ಗಾಜಿನ ಗೋಪುರಗಳು. ಕೋಟಿ ಕೋಟಿ ಬಾಳುವ ಮನೆಗಳು. ಬಲಕ್ಕೆ, ಆಚೆ ದಡದಲ್ಲಿ, ಪಾರ್ಲಿಮೆಂಟಿನ ವಿಕ್ಟೋರಿಯಾ ಟವರ್.

ಇವತ್ತು ಅಲ್ಲಿ ಬಜೆಟ್. ಇನ್ನೊಂದೂವರೆ ಗಂಟೆಯಲ್ಲಿ ಹಣಕಾಸು ಮಂತ್ರಿ ರೇಚಲ್ ರೀವ್ಸ್ ಎದ್ದು ನಿಂತು ದೇಶದ ಖರ್ಚುವೆಚ್ಚ ಓದುತ್ತಾರೆ. ಶತಮಾನಗಳ ಈ ಹುದ್ದೆಗೆ ಬಂದ ಮೊದಲ ಹೆಂಗಸು ಅವರು. ಈಚೆ ದಡದಲ್ಲಿ ನಿಂತಿರುವವರೂ ಖಜಾನೆ ನೋಡಿಕೊಂಡವರೇ. ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರ ಮೇಲೆ ದೂರು ಬಂತು, ಭಂಡಾರವನ್ನೆಲ್ಲ ಜಂಗಮರಿಗೆ ಹಂಚುತ್ತಿದ್ದಾನೆ ಎಂದು. ದೊರೆ ಎಣಿಸಿ ನೋಡಿದಾಗ ಒಂದು ಹೊನ್ನೂ ಕಡಿಮೆಯಿರಲಿಲ್ಲ ಎಂಬ ಕಥೆಯನ್ನು ನೀವೂ ಕೇಳಿ ಬೆಳೆದವರು. ಅದು ನಂಬಿಕೆಯ ಕಥೆ, ಲೆಕ್ಕಪತ್ರವಲ್ಲ. ಆದರೂ ಭಂಡಾರ ಯಾರಿಗಾಗಿ ತುಂಬಿರಬೇಕು ಎಂಬ ಪ್ರಶ್ನೆ ಅದರಲ್ಲಿದೆ. ಇವತ್ತಿಡೀ ಆ ಪ್ರಶ್ನೆಯನ್ನು ಇಟ್ಟುಕೊಂಡೇ ನಡೆಯೋಣ.

ಧಾರವಾಡ ಕಡೆಯ ಹೆಣ್ಣುಮಗಳೊಬ್ಬಳು ಬಂದು ಪ್ರತಿಮೆಗೆ ಕೈಮುಗಿದು ಬೆಂಚಿನ ಮೇಲೆ ಕೂರುತ್ತಾಳೆ. ಕೋಟಿನ ಕೆಳಗೆ ನೀಲಿ ಸಮವಸ್ತ್ರ ಇಣುಕುತ್ತಿದೆ. ಮುದುಕರ ಮನೆಗಳಿಗೆ ಹೋಗಿ ಸ್ನಾನ ಮಾಡಿಸಿ, ಮಾತ್ರೆ ಕೊಟ್ಟು, ಊಟ ಬಿಸಿ ಮಾಡಿಕೊಡುವ ಕೇರ್ ವರ್ಕರ್ ಆಕೆ. ನಿಮ್ಮ ಕನ್ನಡ ಕಿವಿಗೆ ಬಿದ್ದು ತಿರುಗುತ್ತಾಳೆ.

"ಮುಂಜಾನೆ ಆರಕ್ಕ ಹೊಂಟೇನ್ರಿ. ನಾಕು ಮನಿ ಮುಗದಾವು, ಇನ್ನೂ ಮೂರು ಅದಾವು."

ಮನೆಯೊಳಗೆ ಕಳೆದ ನಿಮಿಷಗಳಿಗೆ ಮಾತ್ರ ಕೂಲಿ. ಮನೆಯಿಂದ ಮನೆಗೆ ಓಡಾಡುವ ಹೊತ್ತು, ಬಸ್ಸಿನ 1.75 ಪೌಂಡ್, ಎರಡೂ ಅವಳದ್ದೇ. ಆರು ದಿನಗಳ ಹಿಂದೆ ಗೃಹ ಸಚಿವೆ ಶಬಾನಾ ಮಹಮೂದ್ ಒಂದು ಪ್ರಸ್ತಾವ ಮಂಡಿಸಿದರು: ಖಾಯಂ ವಾಸದ ಹಕ್ಕಿಗೆ ಐದರ ಬದಲು ಹತ್ತು ವರ್ಷ ಕಾಯಬೇಕು, ಕೇರ್ ವರ್ಕರ್‌ಗಳಾದರೆ ಹದಿನೈದು.

"ಐದು ವರ್ಷ ಅಂದ್ರಂತ ಹೊಲ ಒತ್ತಿ ಇಟ್ಟು ಬಂದೇವ್ರಿ. ಈಗ ಹದಿನೈದು ಅಂದ್ರ ಹೆಂಗ್ರಿ?"

ನಿಮ್ಮ ಬಳಿ ಉತ್ತರವಿಲ್ಲ. ಕರೆದಾಗ ಇದ್ದ ಕರಾರನ್ನು ಬಂದಮೇಲೆ ಬದಲಿಸುವುದು ಅನ್ಯಾಯ. ಅದು ಅವಳಿಗೂ ಗೊತ್ತು. ನಾಲ್ಕಕ್ಕೆ ಕೆನಿಂಗ್ಟನ್ನಿನ ಅಂಗಡಿಯ ಹತ್ತಿರ ಸಿಗುತ್ತೇನೆಂದು ಹೇಳಿ ಬಸ್ಸಿಗೆ ಓಡುತ್ತಾಳೆ.

ಬನ್ನಿ, ನದಿಯ ಗುಂಟ ಉತ್ತರಕ್ಕೆ ನಡೆಯೋಣ. ಲ್ಯಾಂಬೆತ್ ಸೇತುವೆ ದಾಟುತ್ತಲೇ ಬಲಗಡೆಯ ಗೋಡೆ ಕೆಂಪಾಗುತ್ತದೆ. ಕೈಯಲ್ಲಿ ಬರೆದ ಹೃದಯಗಳು, ಅರ್ಧ ಕಿಲೋಮೀಟರ್ ಉದ್ದಕ್ಕೆ, ಎರಡು ಲಕ್ಷಕ್ಕೂ ಹೆಚ್ಚು. ಕೋವಿಡ್‌ನಲ್ಲಿ ಸತ್ತ ಒಬ್ಬೊಬ್ಬರಿಗೆ ಒಂದೊಂದು. 2021ರ ಮಾರ್ಚಿನಲ್ಲಿ ಅವರ ಮನೆಯವರೇ ಬಂದು ಬರೆಯಲು ಶುರುಮಾಡಿದ್ದು. ಹತ್ತಿರ ಹೋದರೆ ಹೆಸರುಗಳು ಕಾಣುತ್ತವೆ: ಅಪ್ಪ, ಅಜ್ಜಿ, ಹೆಂಡತಿ. ಗೋಡೆಯ ಹಿಂದೆ ಸೇಂಟ್ ಥಾಮಸ್ ಆಸ್ಪತ್ರೆ. ಅದರ ಹಿಂದಿನ ವರ್ಷ, 2020ರಲ್ಲಿ, ಗುರುವಾರ ರಾತ್ರಿ ಎಂಟಕ್ಕೆ ದೇಶವೆಲ್ಲ ಬಾಗಿಲಿಗೆ ಬಂದು ನರ್ಸುಗಳಿಗೆ, ಕೇರ್ ವರ್ಕರ್‌ಗಳಿಗೆ ಚಪ್ಪಾಳೆ ತಟ್ಟಿತ್ತು. ಆ ಚಪ್ಪಾಳೆ ಸುಳ್ಳಾಗಿರಲಿಲ್ಲ ಎಂದೇ ನನ್ನ ನಂಬಿಕೆ. ಅದಕ್ಕೇ ಹದಿನೈದು ವರ್ಷದ ಮಾತು ಹೆಚ್ಚು ನೋಯಿಸುತ್ತದೆ.

ವೆಸ್ಟ್‌ಮಿನ್ಸ್ಟರ್ ಸೇತುವೆಯ ಆಚೆ ರೈತರು. ಪೊಲೀಸರು ಬೇಡವೆಂದರೂ ಕೆಲವು ಟ್ರ್ಯಾಕ್ಟರುಗಳು ವೈಟ್‌ಹಾಲ್‌ಗೆ ಬಂದಿವೆ. ಹತ್ತು ಲಕ್ಷ ಪೌಂಡಿಗೆ ಮೀರಿದ ಜಮೀನಿಗೆ ವಾರಸುದಾರರು ಶೇಕಡಾ 20ರ ತೆರಿಗೆ ಕಟ್ಟಬೇಕೆಂಬ ಸರ್ಕಾರದ ಆಗಿನ ಪ್ರಸ್ತಾವದ ಮೇಲೆ ಅವರ ಸಿಟ್ಟು. ಹಾರ್ನ್ ಶಬ್ದಕ್ಕೆ ಕಿವಿ ಮುಚ್ಚಿಕೊಂಡು ನೀವು ಒಂದು ಪಬ್ಬಿನೊಳಗೆ ನುಗ್ಗುತ್ತೀರಿ. ಒದ್ದೆ ಕೋಟುಗಳ ವಾಸನೆ, ಬಿಯರಿನ ವಾಸನೆ. ಗೋಡೆಯ ಟಿವಿಯಲ್ಲಿ, ಹಣಕಾಸು ಮಂತ್ರಿಯ ಅಧಿಕೃತ ನಿವಾಸವಾದ 11ನೇ ನಂಬರಿನ ಬಾಗಿಲ ಮುಂದೆ ಕೆಂಪು ಪೆಟ್ಟಿಗೆ ಎತ್ತಿ ಹಿಡಿದ ರೀವ್ಸ್.

ಅಷ್ಟರಲ್ಲಿ ಸುತ್ತಲಿನವರೆಲ್ಲ ಫೋನಿಗೆ ಬಗ್ಗುತ್ತಾರೆ. ಬಜೆಟ್ಟಿನ ಲೆಕ್ಕ ತಪಾಸಣೆ ಮಾಡುವ ಸ್ವತಂತ್ರ ಸಂಸ್ಥೆ ಓಬಿಆರ್. ಭಾಷಣ ಮುಗಿದ ಮೇಲೆ ಹೊರಬರಬೇಕಿದ್ದ ಅದರ ವರದಿ, ಭಾಷಣ ಶುರುವಾಗಲು ಸುಮಾರು ಮುಕ್ಕಾಲು ಗಂಟೆ ಇರುವಾಗಲೇ, ಅಂತರ್ಜಾಲದಲ್ಲಿ ಸಿಕ್ಕಿಬಿಟ್ಟಿದೆ. ಮಂತ್ರಿ ಬಾಯಿ ತೆರೆಯುವ ಮುನ್ನವೇ ಇಡೀ ಬಜೆಟ್ ಪಬ್ಬಿನಲ್ಲಿದೆ. ಈ ದೇಶದಲ್ಲಿ ಇದು ಸಣ್ಣ ವಿಷಯವಲ್ಲ. 1947ರಲ್ಲಿ ಹ್ಯೂ ಡಾಲ್ಟನ್ ಸದನದೊಳಗೆ ಹೋಗುವಾಗ ಒಬ್ಬ ಪತ್ರಕರ್ತನಿಗೆ ಒಂದೆರಡು ವಾಕ್ಯ ಹೇಳಿದ್ದಕ್ಕೆ ಹಣಕಾಸು ಮಂತ್ರಿ ಪದವಿಯನ್ನೇ ಬಿಟ್ಟರು. ಈ ಸಲ ಓಬಿಆರ್ ಮುಖ್ಯಸ್ಥ ರಿಚರ್ಡ್ ಹ್ಯೂಸ್ ಮುಂದೆ ಡಿಸೆಂಬರ್ 1ರಂದು ರಾಜೀನಾಮೆ ಕೊಡುತ್ತಾರೆ. ತಪ್ಪಾದರೆ ಯಾರಾದರೂ ಹೊಣೆ ಹೊರುತ್ತಾರೆ ಎಂಬುದು ಇನ್ನೂ ಉಳಿದಿರುವುದು ನನಗೆ ಈ ನೆಲದ ಬಗ್ಗೆ ಗೌರವ ಹುಟ್ಟಿಸುತ್ತದೆ.

ಹನ್ನೆರಡೂವರೆ ಕಳೆದು ಭಾಷಣ ಶುರು. ರೂಢಿಯಂತೆ ಸ್ಪೀಕರ್ ಪೀಠದಲ್ಲಿಲ್ಲ. ಉಪಸಭಾಧ್ಯಕ್ಷೆ ನುಸ್ರತ್ ಘನಿ ಕೂತಿದ್ದಾರೆ. ಪಬ್ಬಿನಲ್ಲಿ ಗಲಾಟೆ ತಗ್ಗುತ್ತದೆ. ನಿಮ್ಮ ಪಕ್ಕದ ಮುದುಕ ಗ್ಲಾಸು ಕೆಳಗಿಡದೆ ಕೇಳುತ್ತಿದ್ದಾನೆ. 2022ರ ಸೆಪ್ಟೆಂಬರಿನಲ್ಲಿ ಲಿಜ್ ಟ್ರಸ್ ಸರ್ಕಾರ ಓಬಿಆರ್‌ನ ಲೆಕ್ಕವಿಲ್ಲದೆ ತೆರಿಗೆ ಕಡಿತ ಘೋಷಿಸಿ, ಮಾರುಕಟ್ಟೆ ಕುಸಿದು, ಜನರ ಮನೆಸಾಲದ ಕಂತು ಏರಿದ್ದು ಇಲ್ಲಿ ಯಾರಿಗೂ ಮರೆತಿಲ್ಲ. ಸರ್ಕಾರ ವರ್ಷಕ್ಕೆ 100 ಬಿಲಿಯನ್ ಪೌಂಡಿಗೂ ಹೆಚ್ಚು ಬಡ್ಡಿ ಕಟ್ಟುತ್ತಿದೆ. ಸಾಲ ಕೊಟ್ಟವರಿಗೆ ಒಂದು ಕಣ್ಣು, ಓಟು ಕೊಟ್ಟವರಿಗೆ ಇನ್ನೊಂದು ಕಣ್ಣು ಇಟ್ಟು ರೀವ್ಸ್ ಓದುತ್ತಿದ್ದಾರೆ.

ಇಪ್ಪತ್ತು ಲಕ್ಷ ಪೌಂಡಿಗೆ ಮೀರಿದ ಮನೆಗಳ ಮೇಲೆ 2028ರಿಂದ ವರ್ಷಕ್ಕೆ 2,500ರಿಂದ 7,500 ಪೌಂಡ್ ಹೆಚ್ಚುವರಿ ತೆರಿಗೆ. ಬೆಳಿಗ್ಗೆ ಕಂಡ ಗೋಪುರಗಳು ನೆನಪಾಗುತ್ತವೆ. ಇಂಗ್ಲೆಂಡಿನಲ್ಲಿ ಮನೆ ಕಂದಾಯ ಇನ್ನೂ 1991ರ ಬೆಲೆಯ ಮೇಲೆಯೇ ನಿಂತಿದೆ. ಮಧ್ಯಮ ದರ್ಜೆಯ ಒಂದೇ ಬಗೆಯ ಮನೆಗೆ ಬಡ ಊರಾದ ಹಾರ್ಟಲ್‌ಪೂಲ್‌ನಲ್ಲಿ ಕಟ್ಟುವ ಕಂದಾಯ ಸಿರಿವಂತ ವೆಸ್ಟ್‌ಮಿನ್ಸ್ಟರ್‌ನಲ್ಲಿ ಕಟ್ಟುವುದಕ್ಕಿಂತ ಎರಡು ಪಟ್ಟಿಗೂ ಹೆಚ್ಚು. ಹೊಸ ತೆರಿಗೆ ಅದನ್ನು ಸರಿಪಡಿಸುವುದಿಲ್ಲ, ಆದರೂ ಸರಿಯಾದ ದಿಕ್ಕಿನ ಒಂದು ಹೆಜ್ಜೆ.

ಇನ್ನೊಂದು ಘೋಷಣೆ ಒಂದೇ ಉಸಿರಿನಲ್ಲಿ ಕಳೆದುಹೋಗುತ್ತದೆ. ವರ್ಷಕ್ಕೆ 12,570 ಪೌಂಡ್‌ವರೆಗೆ ಆದಾಯ ತೆರಿಗೆಯಿಲ್ಲ. 2021ರಿಂದ ಕದಲದ ಈ ಗೆರೆ 2031ರವರೆಗೂ ಅಲ್ಲೇ ಇರುತ್ತದೆ. ಸಂಬಳದ ಮೇಲಿನ ತೆರಿಗೆಯ ದರ ಏರಿಲ್ಲ, ಆದ್ದರಿಂದ ದುಡಿಯುವವರ ತೆರಿಗೆ ಏರಿಸುವುದಿಲ್ಲವೆಂದು 2024ರಲ್ಲಿ ಕೊಟ್ಟ ಮಾತು ಉಳಿದಿದೆ ಎಂಬುದು ಅವರ ವಾದ. ನಮ್ಮ ಧಾರವಾಡದ ಹೆಣ್ಣುಮಗಳ ಲೆಕ್ಕ ಹಾಕಿ ನೋಡಿ. ಕನಿಷ್ಠ ಕೂಲಿ ಬರುವ ಏಪ್ರಿಲ್‌ನಲ್ಲಿ ಗಂಟೆಗೆ 12.21ರಿಂದ 12.71 ಪೌಂಡಿಗೆ ಏರುತ್ತದೆ, ಅಂದರೆ 50 ಪೆನ್ಸ್ ಜಾಸ್ತಿ. ಅವಳು ಗೆರೆ ದಾಟಿದವಳಾದ್ದರಿಂದ ಆದಾಯ ತೆರಿಗೆ ಶೇಕಡಾ 20, ರಾಷ್ಟ್ರೀಯ ವಿಮೆ ಶೇಕಡಾ 8 ಹೋಗಿ 36 ಪೆನ್ಸ್ ಕೈಗೆ ಬರುತ್ತದೆ. ಬೆಲೆ ಏರಿದಂತೆ ಗೆರೆಯೂ ಮೇಲೇರಿದ್ದರೆ ಅವಳ ಕೂಲಿಯ ಇನ್ನಷ್ಟು ಭಾಗ ತೆರಿಗೆಯಿಲ್ಲದೆ ಉಳಿಯುತ್ತಿತ್ತು. ಇದನ್ನು ತೆರಿಗೆ ಏರಿಕೆ ಎಂದೇ ಕರೆಯಬೇಕು. ಬೇಕಿದ್ದರೆ ಹಾಗೆಂದು ಹೇಳಿಯೇ ಕೇಳಬೇಕು. ಜನ ದುಡ್ಡು ಕೊಟ್ಟಾರು, ಕಾಣದಂತೆ ತೆಗೆದರೆ ನಂಬಿಕೆ ಕೊಡಲಾರರು.

ಆಮೇಲೆ ಆಳುವ ಲೇಬರ್ ಪಕ್ಷದ ಸದಸ್ಯರು ಆರ್ಭಟಿಸುವ ಹೊತ್ತು ಬರುತ್ತದೆ. ಎರಡು ಮಕ್ಕಳಿಂದಾಚೆಗೆ ನೆರವು ಇಲ್ಲ ಎಂಬ ಮಿತಿ ಏಪ್ರಿಲ್ 2026ಕ್ಕೆ ರದ್ದು. 2017ರ ಏಪ್ರಿಲ್‌ನಿಂದ ನಡೆದುಬಂದ ಮಿತಿ ಇದು. ಒಂದು ಮಗುವಿಗೆ ವರ್ಷಕ್ಕೆ ಸುಮಾರು 3,500 ಪೌಂಡ್ ಕೈತಪ್ಪುತ್ತಿತ್ತು. ಅತ್ಯಾಚಾರದಿಂದ ಹುಟ್ಟಿದ ಮಗುವಿಗೆ ವಿನಾಯಿತಿ ಇತ್ತು, ಅದಕ್ಕಾಗಿ ತಾಯಿ ಅರ್ಜಿ ತುಂಬಿ ಅದನ್ನು ಹೇಳಿಕೊಳ್ಳಬೇಕಿತ್ತು. ಅಂಥದೊಂದು ಅರ್ಜಿ ಇಷ್ಟು ವರ್ಷ ಉಳಿದದ್ದು ಹೇಗೆ? 2024ರ ಜುಲೈನಲ್ಲಿ ಈ ಮಿತಿ ತೆಗೆಯಿರಿ ಎಂದು ಮತ ಹಾಕಿದ ಏಳು ಲೇಬರ್ ಸಂಸದರನ್ನು ಪಕ್ಷ ಅಮಾನತು ಮಾಡಿತ್ತು. ಇವತ್ತು ಅದೇ ಪಕ್ಷ ಚಪ್ಪಾಳೆ ತಟ್ಟುತ್ತಿದೆ. ನೀವೂ ತಟ್ಟಿ. ತಡವಾಗಿ ಬಂದರೂ ಇದು ಒಳ್ಳೆಯ ಕೆಲಸ.

ಪಬ್ಬಿನ ಮುದುಕ ಗ್ಲಾಸು ಖಾಲಿ ಮಾಡಿ, "ಸರಿಯಾದದ್ದನ್ನು ಮಾಡಿದಳು" ಎಂದಷ್ಟೇ ಹೇಳಿ ಎದ್ದುಹೋಗುತ್ತಾನೆ. ಟಿವಿಯಲ್ಲಿ ವಿರೋಧ ಪಕ್ಷದ ನಾಯಕಿ ಕೆಮಿ ಬೇಡನಾಕ್ ಉತ್ತರಕ್ಕೆ ಏಳುತ್ತಾರೆ. ನೀವು ಹೊರಗೆ ಬರುತ್ತೀರಿ.

ಕೆನಿಂಗ್ಟನ್‌ಗೆ ಬಸ್ಸು. ಚಾರ್ಲಿ ಚಾಪ್ಲಿನ್ ಹುಡುಗನಾಗಿ ಅಲೆದ ಬೀದಿಗಳು ಇವು. 1896ರಲ್ಲಿ, ಏಳು ವರ್ಷದವನಿದ್ದಾಗ, ಅಮ್ಮನ ಕೈಲಿ ಕಾಸಿಲ್ಲದೆ ಲ್ಯಾಂಬೆತ್‌ನ ಬಡವರ ದುಡಿಮೆಮನೆ ಸೇರಿದ್ದ. ಆ ಕಟ್ಟಡದ ಒಂದು ಭಾಗ ಈಗ ಸಿನಿಮಾ ಮ್ಯೂಸಿಯಂ.

ಅಲ್ಲಿಂದ ಸ್ವಲ್ಪ ದೂರದ ಒಂದು ಚರ್ಚಿನ ಹಾಲಿನಲ್ಲಿ ಫುಡ್‌ಬ್ಯಾಂಕ್ ನಡೆಯುತ್ತಿದೆ. ಒಳಗೆ ಕಾಲಿಟ್ಟರೆ ಮೊದಲು ಚಹಾ. ಕೆಟಲ್ ಸದ್ದು, ತಟ್ಟೆಯಲ್ಲಿ ಬಿಸ್ಕತ್ತು, "ಕೂತ್ಕೊಳ್ಳಿ, ಲವ್" ಎನ್ನುವ ಬಿಳಿಕೂದಲ ಹೆಂಗಸು. ವೈದ್ಯರೋ ಶಾಲೆಯವರೋ ಕೊಟ್ಟ ಚೀಟಿ ತೋರಿಸಿದರೆ ಮೂರು ದಿನಕ್ಕೆ ಆಗುವಷ್ಟು ದಿನಸಿ: ಪಾಸ್ತಾ, ಬೇಯಿಸಿದ ಬೀನ್ಸಿನ ಡಬ್ಬಿ, ಟೊಮೇಟೊ ಡಬ್ಬಿ, ಕೆಡದ ಹಾಲು, ಚಹಾ ಚೀಲ. ಇನ್ನೊಂದು ಮೇಜಿನ ಮೇಲೆ ಬೇರೆ ಪೆಟ್ಟಿಗೆಗಳಿವೆ. ಬಿಸಿನೀರು ಹಾಕಿದರೆ ಸಾಕಾಗುವ ನೂಡಲ್ಸ್, ಸೂಪಿನ ಪುಡಿ. ಒಲೆ ಉರಿಸಲು ದುಡ್ಡಿಲ್ಲದವರಿಗೆ ಅವು. ಟ್ರಸೆಲ್ ಸಂಸ್ಥೆಯ ಫುಡ್‌ಬ್ಯಾಂಕುಗಳು 2010–11ರಲ್ಲಿ ಹಂಚಿದ್ದು ಸುಮಾರು 61 ಸಾವಿರ ಪೊಟ್ಟಣ. 2024–25ರಲ್ಲಿ ಸುಮಾರು 29 ಲಕ್ಷ.

ತಳ್ಳುಗಾಡಿಯಲ್ಲಿ ಮಗು ಮಲಗಿಸಿಕೊಂಡು ಒಬ್ಬ ತಾಯಿ ಕೂತಿದ್ದಾಳೆ. ಇನ್ನಿಬ್ಬರು ಮೇಜಿನ ಕೆಳಗೆ ಆಡುತ್ತಿದ್ದಾರೆ. ಸುದ್ದಿ ಅವಳಿಗೂ ಮುಟ್ಟಿದೆ. "ಮೂರನೆಯವಳಿಗೂ ಕೊಡ್ತಾರಂತೆ," ಎನ್ನುತ್ತಾಳೆ ಬಿಳಿಕೂದಲ ಹೆಂಗಸಿಗೆ. ಹೇಳುವಾಗ ಮುಖ ಅರಳುತ್ತದೆ. "ಯಾವಾಗಿಂದ?" "ಏಪ್ರಿಲ್." ಇಬ್ಬರೂ ಸುಮ್ಮನೆ ಚೀಲಕ್ಕೆ ಡಬ್ಬಿ ತುಂಬುತ್ತಾರೆ. ಹಾಲಿನ ಡಬ್ಬಿ ಎರಡು ಹೆಚ್ಚಿಗೆ ಹಾಕುತ್ತಾಳೆ ಆ ಹೆಂಗಸು. ದಾಸೋಹ ಎಂದರೆ ಏನೆಂದು ಅವಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಜಗತ್ತಿನ ಆರನೇ ಅತಿ ದೊಡ್ಡ ಆರ್ಥಿಕತೆಯಲ್ಲಿ ಮಕ್ಕಳ ಹಾಲು ಅವಳ ಒಳ್ಳೆಯತನವನ್ನೇ ನಂಬಿ ಕೂರಬಾರದು.

ನಾಲ್ಕಕ್ಕೆಲ್ಲ ಕತ್ತಲು. ಮೂಲೆಯ ಅಂಗಡಿಯಲ್ಲಿ ಲಾಟರಿ ಚೀಟಿ, ಕೊತ್ತಂಬರಿ ಕಟ್ಟು, ವೇಪು. ನಮ್ಮ ಹೆಣ್ಣುಮಗಳು ಕೌಂಟರಿನ ಮೇಲೆ ನೀಲಿ ಪ್ಲಾಸ್ಟಿಕ್ಕಿನ ಕೀಲಿ ಇಡುತ್ತಾಳೆ. ಎಂಬತ್ತು ದಾಟಿದ ಅಜ್ಜಿಯೊಬ್ಬರ ಕರೆಂಟಿನ ಮೀಟರಿನದು. ಮೊದಲು ದುಡ್ಡು ತುಂಬಿಸಬೇಕು, ಆಮೇಲೆ ದೀಪ.

"ಹತ್ತಾ, ಅಕ್ಕಾ?" ಎನ್ನುತ್ತಾನೆ ಅಂಗಡಿಯ ತಮಿಳು ಹುಡುಗ. ಯಂತ್ರ ಕುಯ್ಯೆನ್ನುತ್ತದೆ. ಹತ್ತು ಪೌಂಡ್ ಹಾಕಿದರೂ ಹತ್ತೂ ಕರೆಂಟಾಗುವುದಿಲ್ಲ. ದುಡ್ಡು ಮುಗಿದಾಗ ಮೀಟರ್ ಕೊಟ್ಟ ತುರ್ತು ಸಾಲ ಮೊದಲು ಮುರಿಯುತ್ತದೆ. ಒಂದು ದೀಪವನ್ನೂ ಹಚ್ಚದ ದಿನಕ್ಕೂ ಅರ್ಧ ಪೌಂಡಿನ ಆಸುಪಾಸು ಬಾಡಿಗೆ ಮುರಿಯುತ್ತದೆ.

ವಿದ್ಯುತ್, ಗ್ಯಾಸ್ ಬಿಲ್ಲಿನಲ್ಲಿ ಸರಾಸರಿ 150 ಪೌಂಡ್ ಇಳಿಯುತ್ತದಂತೆ ಎಂದು ನೀವು ಹೇಳುತ್ತೀರಿ, ಇವತ್ತಿನ ಬಜೆಟ್ಟಿನಲ್ಲಿ ಹೇಳಿದ್ದಾರೆ.

"ಯಾವಾಗಿಂದ್ರಿ?"

"ಏಪ್ರಿಲ್."

"ಏಪ್ರಿಲ್‌ನ್ಯಾಗ ಹೀಟರ್ ಹಚ್ಚೂದು ಯಾರ್ರಿ?"

ಚಳಿಗಾಲದ ಇಂಧನ ಭತ್ಯೆ ಇದೆಯಲ್ಲ, ಎಂಬತ್ತು ದಾಟಿದವರಿಗೆ 300 ಪೌಂಡ್, ಎನ್ನುತ್ತೀರಿ. 2024ರ ಜುಲೈನಲ್ಲಿ ಸುಮಾರು ಒಂದು ಕೋಟಿ ವೃದ್ಧರಿಂದ ಕಿತ್ತುಕೊಂಡು, ಅವರು ವರ್ಷವಿಡೀ ಕೂಗಿದ ಮೇಲೆ, 35,000 ಪೌಂಡಿನೊಳಗೆ ಆದಾಯವಿರುವವರಿಗೆಲ್ಲ ಸರ್ಕಾರ ಹಿಂದಕ್ಕೆ ಕೊಟ್ಟ ಭತ್ಯೆ ಅದು.

"ಬಂದೈತ್ರಿ, ಹೋದ ವಾರ ಬಂತು. ಹಳೇ ಬಾಕಿಗೆ ಹೋತು," ಎಂದು ಅವಳು ರಸೀದಿಯನ್ನು ಎರಡು ಸಲ ಓದಿ ಮಡಚಿಡುತ್ತಾಳೆ. ಅಜ್ಜಿಯ ಮಗಳಿಗೆ ಲೆಕ್ಕ ಒಪ್ಪಿಸಬೇಕು, ಒಂದು ಪೆನ್ನಿ ಹೆಚ್ಚುಕಡಿಮೆ ಆಗುವಂತಿಲ್ಲ. ಕೀಲಿ ಕೋಟಿನ ಒಳಜೇಬಿಗೆ ಹೋಗುತ್ತದೆ. ಅಜ್ಜಿಗೆ ಸೂಪು ಬಿಸಿ ಮಾಡಿ, ಕಾಲಿಗೆ ಎಣ್ಣೆ ಹಚ್ಚಿ, ಮಾತ್ರೆ ನುಂಗಿಸಿ ಮುಂದಿನ ಮನೆ ಸೇರಲು ಅವಳಿಗಿರುವುದು ಅರ್ಧ ಗಂಟೆ.

"ನಡೀರಿ, ಬರ್ತೇನಿ. ಮೀಟರ್ ಖಾಲಿ ಆಗೇತಿ, ಅಜ್ಜಿ ಕತ್ತಲದಾಗ ಕುಂತಾಳ."