ಅತ್ತಿಗೆಯ ಚಳಿಯೂ ತಲೆನೋವೂ

ಸಂಸಾರವೆಂದ ಮೇಲೆ ಒಬ್ಬರಿಗಲ್ಲದಿದ್ದರೆ ಇನ್ನೊಬ್ಬರಿಗೆ ತಲೆನೋವು ಇದ್ದದ್ದೇ. ನಿದ್ದೆ ಕೆಟ್ಟರೆ, ಊಟದ ಹೊತ್ತು ಮೀರಿದರೆ, ಬಿಸಿಲಿನಲ್ಲಿ ಅಡಕೆ ಹರಡಿದರೆ ತಲೆ ನೋಯುತ್ತದೆ. ಒಂದು ರಾತ್ರಿ ಕಳೆದರೆ ಮರೆತೂ ಹೋಗುತ್ತದೆ. ಆದರೆ ತಿಂಗಳಿನ ಅರ್ಧಕ್ಕಿಂತ ಹೆಚ್ಚು ದಿನಗಳು ತಲೆನೋವಿನಲ್ಲಿಯೇ ಸವೆಯುವುದಾದರೆ ಮನೆಯವರು ಅದನ್ನು ಹೇಗೆ ಕಾಣುತ್ತಾರೆ? ನಾವು ಹೇಗೆ ಕಂಡೆವೆಂಬುದನ್ನು ಇಲ್ಲಿ ಹೇಳಿಕೊಳ್ಳಬೇಕೆಂದಿದ್ದೇವೆ. ಹೆಮ್ಮೆಪಡುವಂಥದೇನೂ ಅದರಲ್ಲಿಲ್ಲ.

ನಮ್ಮ ಮನೆ ಕಾಸರಗೋಡು ಸೀಮೆಯಲ್ಲಿ, ಬದಿಯಡ್ಕದ ಆಚೆ, ಕಂಗಿನ ತೋಟದ ನಡುವೆ ಇದೆ. ಅತ್ತಿಗೆಯವರು ಈ ಮನೆಗೆ ಬಂದು ಇಪ್ಪತ್ತು ವರ್ಷಗಳು ಸಂದಿವೆ. ಅರೆತಲೆನೋವು ಅವರಿಗೆ ತವರಿನಲ್ಲಿಯೇ ಅಂಟಿದ್ದು. ತಿಂಗಳಿಗೊಮ್ಮೆ ಬಂದು, ಒಂದು ದಿನ ಕಾಡಿ ಹೋಗುತ್ತಿತ್ತು. ನಾಲ್ಕು ವರ್ಷಗಳ ಹಿಂದೆ ಅದರ ರೀತಿ ಬದಲಾಯಿತು. ಬೆಳಗ್ಗೆ ಏಳುವಾಗಲೇ ನೆತ್ತಿಯ ಮೇಲೆ ತುಂಬಿದ ಕೊಡವಿಟ್ಟಂತೆ ತಲೆಯಿಡೀ ಭಾರ. ಅದರ ಜೊತೆಗೆ ಚಳಿ. ಏಪ್ರಿಲ್ ತಿಂಗಳ ಸೆಕೆಯಲ್ಲಿ ನಾವೆಲ್ಲ ಜಗಲಿಯಲ್ಲಿ ಗಾಳಿಗಾಗಿ ಹಾತೊರೆಯುತ್ತಿದ್ದರೆ ಅವರು ಸೆರಗು ಹೊದ್ದು ಒಲೆಯ ಮಗ್ಗುಲಲ್ಲಿ ಕುಳಿತಿರುತ್ತಿದ್ದರು. "ಚಳಿಯಾಗುತ್ತದೆ" ಎಂದರೆ ಮಕ್ಕಳು ನಗುತ್ತಿದ್ದರು. ನಾವೂ ನಗುತ್ತಿದ್ದೆವು.

ತಲೆನೋವೆಂದರೆ ಉಷ್ಣ ಎಂಬುದು ನಮ್ಮ ಮನೆಯಲ್ಲಿ ಪ್ರಶ್ನಿಸಬಾರದ ಸಿದ್ಧಾಂತ. ಆದುದರಿಂದ ಅವರಿಗೆ ಒಂದೆಲಗದ ತಂಬುಳಿ, ಬೊಂಡ, ಲಾವಂಚದ ನೀರು, ನೆತ್ತಿಗೆ ತಣ್ಣನೆಯ ಎಣ್ಣೆ ಇವೆಲ್ಲ ಪ್ರೀತಿಯಿಂದಲೇ ಸಲ್ಲುತ್ತಿದ್ದವು. ಚಳಿಯಿಂದ ನಡುಗುವವರ ನೆತ್ತಿಯನ್ನು ನಾವು ನಾಲ್ಕು ವರ್ಷ ತಂಪು ಮಾಡಿದೆವು. ಅದರಿಂದ ಗುಣ ಕಾಣದೆ ಹೋದಾಗ ಅವರು ಪೇಟೆಯ ಅಂಗಡಿಯಿಂದ ನೋವಿನ ಗುಳಿಗೆ ತರಿಸಿಕೊಳ್ಳುತ್ತಿದ್ದರು. ಎಷ್ಟು ನುಂಗುತ್ತಾರೆಂದು ಯಾರೂ ಲೆಕ್ಕವಿಡಲಿಲ್ಲ.

ಕಳೆದ ಆಟಿ ತಿಂಗಳಲ್ಲಿ ಊರಿನಲ್ಲಿ ಜ್ವರದ ಹಾವಳಿಯಿತ್ತು. ಆರೋಗ್ಯ ಕಾರ್ಯಕರ್ತೆ ಮನೆಮನೆಗೆ ಬಂದು "ಪನಿ ಉಂಡೋ?" ಎಂದು ವಿಚಾರಿಸುತ್ತಿದ್ದರು. ಮಲಯಾಳದಲ್ಲಿ ಪನಿಯೆಂದರೆ ಜ್ವರ; ಹಳಗನ್ನಡದಲ್ಲಿ ಹನಿ; ತಮಿಳಿನಲ್ಲಿ ಮಂಜು. ಒಂದೇ ಮಾತು ಗಡಿ ದಾಟುವಷ್ಟರಲ್ಲಿ ಬಿಸಿಯೂ ಆಗುತ್ತದೆ, ತಂಪೂ ಆಗುತ್ತದೆ. ಕಂಬಳಿ ಹೊದ್ದು ಕುಳಿತಿದ್ದ ಅತ್ತಿಗೆಗೆ ಜ್ವರವಿರಲೇಬೇಕೆಂದು ಆಕೆ ಥರ್ಮಾಮೀಟರನ್ನು ಕಂಕುಳಲ್ಲಿಟ್ಟು ನೋಡಿದರು. 96.4 ಡಿಗ್ರಿ ಫ್ಯಾರನ್‌ಹೀಟ್! ಮೂರು ಬಾರಿ ನೋಡಿದರೂ ಅಷ್ಟೇ.

ನಮಗೆ ಹೊಸದೊಂದು ಸಿದ್ಧಾಂತ ಸಿಕ್ಕಿತು. ಮೈ ತಣ್ಣಗಿರುವುದೇ ತಲೆನೋವಿಗೆ ಮೂಲವೆಂದು ಕಾಲೇಜಿಗೆ ಹೋಗುವ ಹುಡುಗ ಸಾರಿದನು. ಅವನ ಹಳೆಯ ನೋಟುಪುಸ್ತಕವೊಂದರಲ್ಲಿ ಹತ್ತು ದಿನ ಹೊತ್ತುಹೊತ್ತಿಗೆ ಉಷ್ಣತೆಯನ್ನು ಬರೆದಿಟ್ಟೆವು: ಮುಂಜಾನೆ 96.4, ಸಂಜೆ 97.4. ತಂಬುಳಿ ಹೋಗಿ ಒಳ್ಳೆಮೆಣಸಿನ ಕಷಾಯ ಬಂದಿತು. ತಲೆನೋವು ಮಾತ್ರ ಇದ್ದಲ್ಲಿಯೇ ಇತ್ತು. ಕೊನೆಗೆ ಆ ಪುಸ್ತಕವನ್ನು ಹಿಡಿದು ಮಂಗಳೂರಿಗೆ ಹೋದೆವು.

ವೈದ್ಯರು ಅದನ್ನು ತಿರುವಿ ನೋಡಿ ನಸುನಕ್ಕರು. 98.6 ಎಂಬ ಅಂಕಿಗೆ ನಾವು ಕೊಡುವ ಮರ್ಯಾದೆ ಜರ್ಮನಿಯ ಲೈಪ್‌ಸಿಗ್‌ನಲ್ಲಿದ್ದ ಡಾಕ್ಟರ್ ವುಂಡರ್‌ಲಿಷ್‌ರಿಂದ ಬಂದದ್ದಂತೆ. ಸುಮಾರು 25,000 ರೋಗಿಗಳ ಉಷ್ಣತೆಯನ್ನು ಅಳೆಯಿಸಿ ಅವರು 1868ರಲ್ಲಿ ಗ್ರಂಥ ಪ್ರಕಟಿಸಿದರು. ಆದರೆ 1992ರಲ್ಲಿ ಅಮೆರಿಕದಲ್ಲಿ 148 ಮಂದಿ ಆರೋಗ್ಯವಂತರನ್ನು ಅಳೆದಾಗ ಸರಾಸರಿ 98.2 ಬಂದಿತು. ಒಬ್ಬರ ಮೈಯಲ್ಲಿಯೇ ಮುಂಜಾನೆಗೂ ಸಂಜೆಗೂ ಸುಮಾರು ಒಂದು ಡಿಗ್ರಿ ವ್ಯತ್ಯಾಸವಿರುತ್ತದೆ. ಬಾಯಿಗಿಂತ ಕಂಕುಳಲ್ಲಿ ಕಡಿಮೆಯೇ ತೋರುತ್ತದೆ. "ನಿಮ್ಮ ಪುಸ್ತಕದಲ್ಲಿ ನನಗೆ ಹೆದರಿಕೆ ಹುಟ್ಟಿಸುವ ಅಂಕಿ ಒಂದೂ ಇಲ್ಲ. 95ಕ್ಕಿಂತ ಕೆಳಗಿಳಿದರೆ ಮಾತ್ರ ಅದು ಅಪಾಯದ ವಿಷಯ" ಎಂದರು.

ನಮ್ಮ ಮುಖ ಸಪ್ಪಗಾಯಿತು. ಅಷ್ಟರಲ್ಲಿ ಅವರು ಅತ್ತಿಗೆಯ ಕಡೆಗೆ ತಿರುಗಿ, ತಲೆನೋವಲ್ಲದೆ ಮತ್ತೇನು ತೊಂದರೆಯೆಂದು ಕೇಳಿದರು. ಉತ್ತರ ಹೇಳಲು ಅಣ್ಣ ಬಾಯಿ ತೆರೆದನು. "ಇರಲಿ, ಅಮ್ಮ ತಾವೇ ಹೇಳಲಿ" ಎಂದು ವೈದ್ಯರು ತಡೆದರು.

ಅತ್ತಿಗೆ ಹೇಳತೊಡಗಿದರು. ಮೊಸರು ಕಡೆಯುವಾಗ ಕೈ ಸೋಲುತ್ತದೆ. ಬೆಳಗ್ಗೆ ಮುಖ ಊದಿಕೊಂಡಿರುತ್ತದೆ. ಸ್ವರ ಒಡೆದಂತಾಗಿ ಭಜನೆ ಹಾಡುವುದನ್ನು ಬಿಟ್ಟು ಎರಡು ವರ್ಷವಾಯಿತು. ಕೂದಲು ಉದುರುತ್ತದೆ, ಚರ್ಮ ಒಣಗುತ್ತದೆ, ಮಲಬದ್ಧತೆಯಿದೆ. ಗುಳಿಗೆಯನ್ನು ತಿಂಗಳಿಗೆ ಇಪ್ಪತ್ತು ದಿನವಾದರೂ ನುಂಗುತ್ತಾರೆ. "ಮನೆಯಲ್ಲಿ ಹೇಳಲಿಲ್ಲವೆ?" ಎಂದು ವೈದ್ಯರು ಕೇಳಿದಾಗ, "ಚಳಿಯೆಂದು ಹೇಳುತ್ತಿದ್ದೆ" ಎಂದಷ್ಟೇ ನುಡಿದು ಅವರು ತಲೆ ತಗ್ಗಿಸಿದರು. ಒಂದೇ ಸೂರಿನ ಕೆಳಗೆ ಅವರ ಕೈಯಡುಗೆ ಉಣ್ಣುತ್ತ ಬಂದ ನಮಗೆ ಆ ಮಾತುಗಳಲ್ಲಿ ಮುಕ್ಕಾಲುಪಾಲು ಹೊಸದಾಗಿದ್ದವು. ಭಜನೆ ನಿಂತದ್ದನ್ನು ಕೂಡ ನಾವು ಗಮನಿಸಿರಲಿಲ್ಲ.

ರಕ್ತಪರೀಕ್ಷೆಯಲ್ಲಿ ಥೈರಾಯಿಡ್ ಗ್ರಂಥಿಯ ಕೆಲಸ ಕುಂದಿರುವುದು ತಿಳಿಯಿತು. ಕೊರಳಿನ ಮುಂಭಾಗದ ಈ ಪುಟ್ಟ ಗ್ರಂಥಿ ಸ್ರವಿಸುವ ರಸ ಶರೀರದ ಒಲೆಗೆ ಸೌದೆಯಿದ್ದಂತೆ. ಅದು ಕಡಿಮೆಯಾದರೆ ಮೈಯಲ್ಲಿ ಶಾಖ ಹುಟ್ಟುವುದೂ ಕಡಿಮೆಯಾಗಿ ಚಳಿ, ಆಯಾಸ, ಜಡತೆ ತೋರುತ್ತವೆ. ಈ ಕೊರತೆಯುಳ್ಳವರಲ್ಲಿ ನೂರಕ್ಕೆ ಸುಮಾರು 30 ಮಂದಿಗೆ ತಲೆನೋವೂ ಇರುತ್ತದೆಯಂತೆ. ಅದರ ಮೇಲೆ ಇನ್ನೊಂದು ಸಂಗತಿ: ಸಾಮಾನ್ಯ ನೋವಿನ ಗುಳಿಗೆಯನ್ನು ತಿಂಗಳಿಗೆ 15 ದಿನಗಳಂತೆ ಮೂರು ತಿಂಗಳಿಗೂ ಮೀರಿ ನುಂಗುತ್ತ ಹೋದರೆ ಗುಳಿಗೆಯಿಂದಲೇ ತಲೆನೋವು ಬೇರೂರುತ್ತದೆ. ಅರೆತಲೆನೋವಿನ ಪ್ರಕೃತಿಯವರಲ್ಲಿ ಇದು ಹೆಚ್ಚು. ಹೀಗೆ ಅತ್ತಿಗೆಯ ತಲೆಯ ಮೇಲಿದ್ದುದು ಒಂದು ಕೊಡವಲ್ಲ, ಮೂರು.

ಥೈರಾಯಿಡಿನ ಗುಳಿಗೆಯನ್ನು ಬೆಳಗ್ಗೆ ಬರಿಹೊಟ್ಟೆಯಲ್ಲಿ ನೀರಿನೊಡನೆ ನುಂಗಿ, ಅರ್ಧ ಗಂಟೆಯಿಂದ ಒಂದು ಗಂಟೆಯ ತನಕ ಕಾಫಿ ಮುಟ್ಟಬಾರದೆಂದು ಕಟ್ಟಳೆಯಾಯಿತು. ನಸುಕಿನ ಕಾಫಿಯನ್ನು ಈಗ ಅಣ್ಣನೇ ಮಾಡುತ್ತಾನೆ. ವೈದ್ಯರ ಸೂಚನೆಯಂತೆ ನೋವಿನ ಗುಳಿಗೆಯನ್ನು ನಿಲ್ಲಿಸಿದಾಗ ಮೊದಲ ಹತ್ತು ದಿನ ತಲೆನೋವು ಇಮ್ಮಡಿಯಾಯಿತು. ಬಾಗಿಲು ಮುಚ್ಚಿದ ಕೋಣೆಯಿಂದ ಅವರ ನರಳಾಟ ಕೇಳುತ್ತಿದ್ದರೆ ಒಂದು ಗುಳಿಗೆ ಕೊಟ್ಟುಬಿಡೋಣವೇ ಎಂದು ನಾವೇ ಸೋಲುವಂತಾಗಿತ್ತು. ಆದರೆ ಅವರು ಸೋಲಲಿಲ್ಲ. ಆರು ತಿಂಗಳಲ್ಲಿ ದಿನನಿತ್ಯದ ಭಾರ ಇಳಿಯಿತು. ತವರಿನಿಂದ ಬಂದ ಹಳೆಯ ಅರೆತಲೆನೋವು ತಿಂಗಳಿಗೊಮ್ಮೆ ಈಗಲೂ ಬರುತ್ತದೆ.

ವಿಚಿತ್ರವೆಂದರೆ, ಥರ್ಮಾಮೀಟರು ಇಂದಿಗೂ ಮುಂಜಾನೆ 96.8ರ ಆಸುಪಾಸಿನಲ್ಲಿಯೇ ನಿಲ್ಲುತ್ತದೆ. ನಾವು ಅಪರಾಧಿಯೆಂದು ಹಿಡಿದ ಅಂಕಿ ನಿರಪರಾಧಿಯಾಗಿತ್ತು. ಅದು ನಮ್ಮನ್ನು ವೈದ್ಯರ ಬಾಗಿಲಿಗೆ ಒಯ್ದುದು ನಿಜ; ಆದರೆ ರೋಗವನ್ನು ತೋರಿಸಿದ್ದು ಅತ್ತಿಗೆಯ ಮಾತು. ಆ ಮಾತು ನಾಲ್ಕು ವರ್ಷಗಳಿಂದ ಒಲೆಯ ಮಗ್ಗುಲಲ್ಲಿಯೇ ಇತ್ತು.

ಆದುದರಿಂದ ಇದನ್ನೋದುವ ತಾಯಂದಿರಲ್ಲಿಯೂ ಸಹೋದರರಲ್ಲಿಯೂ ನಮ್ಮ ವಿನಂತಿಯಿಷ್ಟು. ಉಷ್ಣತೆ ಕಡಿಮೆಯೆಂದ ಮಾತ್ರಕ್ಕೆ ಥೈರಾಯಿಡಿನ ಗುಳಿಗೆಯನ್ನು ಯಾರೂ ತಾವಾಗಿ ನುಂಗಬಾರದು. ಬೇಡದವರಿಗೆ ಅದು ಹೃದಯಕ್ಕೆ ತೊಂದರೆ ಕೊಡುತ್ತದೆ. ಚಳಿ, ಆಯಾಸಗಳಿಗೆ ರಕ್ತಹೀನತೆಯೂ ಕಾರಣವಾಗಿರಬಹುದು; ಪರೀಕ್ಷೆಯಿಂದಲೇ ತಿಳಿಯಬೇಕು. ಜ್ವರದೊಡನೆ ಕುತ್ತಿಗೆ ಸೆಟೆದರೆ, ಸಿಡಿಲೆರಗಿದಂತೆ ಹಠಾತ್ತನೆ ತಲೆನೋವು ಬಂದರೆ, ಮಾತು ತೊದಲಿದರೆ, ಕೈಕಾಲು ಸೋತರೆ ಒಂದು ಗಳಿಗೆಯನ್ನೂ ಕಳೆಯದೆ ಆಸ್ಪತ್ರೆಗೆ ಒಯ್ಯಬೇಕು. ಮಿಕ್ಕಂತೆ, ಮನೆಯಲ್ಲಿ ಯಾರಾದರೂ ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದರೆ ನಗುವ ಮೊದಲು ಒಮ್ಮೆ ಬಳಿ ಕುಳಿತು ಕೇಳಬೇಕು.

ಆ ನೋಟುಪುಸ್ತಕ ಈಗ ಅತ್ತಿಗೆಯ ಕೈಯಲ್ಲಿದೆ. ಉಷ್ಣತೆಯ ಅಂಕಣ ಖಾಲಿ ಬಿದ್ದಿದೆ. ತಲೆನೋವು ಬಂದ ದಿನ, ನುಂಗಿದ ಗುಳಿಗೆ ಇವೆರಡನ್ನು ಮಾತ್ರ ಅವರು ಬರೆದಿಡುತ್ತಾರೆ. ಕಳೆದ ತಿಂಗಳ ಪುಟದಲ್ಲಿ ಎರಡೇ ಗೆರೆಗಳಿದ್ದವು. ಶುಕ್ರವಾರದ ಭಜನೆಗೆ ಅವರ ಸ್ವರ ಮರಳಿದೆ. ಮೇಲಿನ ಸ್ಥಾಯಿಗೆ ಇನ್ನೂ ಏರುವುದಿಲ್ಲ.