ನೇತ್ರಾಣಿಗೆ ಹೋದ ದಿನ

ಕಳೆದ ಡಿಸೆಂಬರಿನಲ್ಲಿ ಬೆಂಗಳೂರಿನಿಂದ ನಮ್ಮ ಮಾಮು ಕುಟುಂಬದೊಂದಿಗೆ ಬಂದಿದ್ದರು. ಮಕ್ಕಳಿಗೆ ನೇತ್ರಾಣಿ ತೋರಿಸಬೇಕೆಂದು ಹೊರಟಾಗ ನನ್ನನ್ನೂ ಕರೆದರು. ಭಟ್ಕಳದಲ್ಲೇ ಹುಟ್ಟಿ ಬೆಳೆದರೂ ನಾನು ಆ ದ್ವೀಪವನ್ನು ಹತ್ತಿರದಿಂದ ನೋಡಿರಲಿಲ್ಲ.

ನವಮಂಗಳೂರು ಬಂದರಿಗೆ ದೊಡ್ಡ ಕ್ರೂಸ್ ಹಡಗುಗಳು ಬರುತ್ತವೆ. ಪ್ರವಾಸಿಗರು ಬೆಳಿಗ್ಗೆ ಇಳಿದು, ಊರು ಸುತ್ತಿ, ಸಂಜೆ ಮತ್ತೆ ಹಡಗು ಹತ್ತುತ್ತಾರೆ. ನಮ್ಮ ಕಡೆ ಅಂಥ ಹಡಗಿಲ್ಲ. ಮುರುಡೇಶ್ವರದಿಂದ ಹೊರಡುವ ದೋಣಿಯೇ ನಮ್ಮ ಕ್ರೂಸ್. ದ್ವೀಪ ಸುಮಾರು 19 ಕಿ.ಮೀ. ದೂರ.

ದೋಣಿ ಹತ್ತುವಾಗ ಒಬ್ಬ ಹುಡುಗ ಲೈಫ್ ಜಾಕೆಟ್ ಕೊಟ್ಟು, "ಸರ್, ಬೆಲ್ಟ್ ಬಿಗಿ ಮಾಡ್ಕೊಳ್ಳಿ" ಎಂದ. ತಲೆಯೆತ್ತಿ ನೋಡಿದರೆ ಹೈಸ್ಕೂಲಿನಲ್ಲಿ ನನ್ನ ಪಕ್ಕದಲ್ಲಿ ಕೂರುತ್ತಿದ್ದ ಗೆಳೆಯ! ಇಬ್ಬರಿಗೂ ಒಂದು ಕ್ಷಣ ಮಾತು ಹೊರಡಲಿಲ್ಲ. ಆಮೇಲೆ ಅವನೇ ನಕ್ಕ.

ನಮ್ಮ ಮನೆಯ ಮಾತು ಉರ್ದು. ಕನ್ನಡ ಬರೆಯುವಾಗ ನನಗೆ 'ಲ'ಕಾರ, 'ಳ'ಕಾರ ಅದಲುಬದಲಾಗುತ್ತಿತ್ತು. ಉಕ್ತಲೇಖನದ ದಿನ ನನ್ನ ಪುಸ್ತಕ ಎಳೆದುಕೊಂಡು ತಿದ್ದುತ್ತಿದ್ದವನು ಅವನು. ಎಸ್‌ಎಸ್‌ಎಲ್‌ಸಿಯಲ್ಲಿ ಕನ್ನಡದಲ್ಲಿ ನನಗೆ ಬಂದ ಅಂಕಗಳಲ್ಲಿ ಅವನ ಪಾಲೂ ಇದೆ. ಅವನೂ ಪಾಸಾಗಿದ್ದ. ಆದರೆ ತಂದೆಗೆ ಹುಷಾರಿಲ್ಲದ ಕಾರಣ ಕಾಲೇಜು ಸೇರಲಿಲ್ಲ.

ದ್ವೀಪದ ಹತ್ತಿರ ನೀರು ತಿಳಿಯಾಗಿತ್ತು. ಮಾಮುವಿನ ಮಕ್ಕಳು ಸ್ಕೂಬಾ ಡೈವಿಂಗಿಗೆ ಇಳಿದರು. ಅವನು ನನಗೆ ಬಂಡೆಯ ಮೇಲಿನ ಕಡಲ ಹದ್ದನ್ನು ತೋರಿಸಿದ. ನೀರಿನಡಿಯ ಹವಳಗಳ ಬಗ್ಗೆ, ಗಾಳಿ ತಿರುಗುವ ಹೊತ್ತಿನ ಬಗ್ಗೆ ಹೇಳಿದ. ಇದಾವುದೂ ನನ್ನ ಪಠ್ಯದಲ್ಲಿಲ್ಲ. ನಮಗೆ ಅದು ಒಂದು ದಿನದ ಮೋಜು. ಅವನಿಗೆ ದಿನದ ಕೂಲಿ.

"ನಿಂಗೆ ಡೆಬಿಟ್, ಕ್ರೆಡಿಟ್ ಎಲ್ಲ ಬರ್ತದಾ?" ಎಂದು ಕೇಳಿದ. ಟಿಕೆಟ್ ಚೀಟಿಯ ಹಿಂದೆ ಬರೆದು ತೋರಿಸಿದೆ. ಎರಡೇ ನಿಮಿಷದಲ್ಲಿ ಹಿಡಿದುಬಿಟ್ಟ.

ಕಾಲೇಜಿಗೆ ಬಂದು ನಮ್ಮ ಉಪನ್ಯಾಸಕರನ್ನು ವಿಚಾರಿಸಿದೆ. ಕಾಲೇಜಿಗೆ ಬರಲಾಗದವರು ಖಾಸಗಿ ಅಭ್ಯರ್ಥಿಯಾಗಿ ವಾಣಿಜ್ಯ ವಿಭಾಗದಲ್ಲಿ ದ್ವಿತೀಯ ಪಿಯುಸಿ ಪರೀಕ್ಷೆ ಕಟ್ಟಬಹುದಂತೆ. ಗೆಳೆಯನಿಗೆ ಫೋನ್ ಮಾಡಿ ತಿಳಿಸಿದೆ. "ನೋಡುವಾ" ಎಂದ. ಇಲ್ಲ ಎನ್ನಲಿಲ್ಲ.

ಮಳೆಗಾಲದಲ್ಲಿ ಪ್ರವಾಸಿ ದೋಣಿಗಳು ನಿಲ್ಲುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೂ ನಿಷೇಧ. ಆಗ ಅವನಿಗೆ ಬಿಡುವು. ನನ್ನ ಅಕೌಂಟೆನ್ಸಿ ನೋಟ್ಸುಗಳನ್ನು ಅವನಿಗಾಗಿ ಜೋಪಾನವಾಗಿ ಇಟ್ಟಿದ್ದೇನೆ. ಅದರಲ್ಲಿ 'ಲ'ಕಾರ, 'ಳ'ಕಾರ ತಪ್ಪಿದ್ದರೆ ಅವನೇ ತಿದ್ದಿಕೊಳ್ಳಲಿ.