ಬಿಟ್ಟುಬಂದ ಮಗು

ಬಾಸೆಲ್ ಮಿಷನ್ ಎಂದೊಡನೆ ಕನ್ನಡಿಗರಾದ ನಮಗೆ ನೆನಪಾಗುವುದು ೧೮೪೧ರಲ್ಲಿ ಮಂಗಳೂರಿನಲ್ಲಿ ಅದು ತೆರೆದ ಅಚ್ಚುಕೂಟ, ಕಿಟ್ಟೆಲರ ನಿಘಂಟು. ಆ ಪಾದ್ರಿಗಳಿಗೂ ಮಕ್ಕಳುಮರಿಗಳಿದ್ದುವೆಂಬುದು ನನಗಂತೂ ಬಹುಕಾಲ ಹೊಳೆದಿರಲಿಲ್ಲ. ಮೊನ್ನೆ ಅದೇ ಮಿಷನ್ನಿನ ಹೆರ್ಮನ್ ಗುಂಡರ್ಟರ ಮಗಳು ಮರೀಯಳ ಸಂಗತಿಯನ್ನು ಓದಿದೆನು.

ಅವಳು ೧೮೪೨ರಲ್ಲಿ ತಲಚೇರಿಯಲ್ಲಿ ಹುಟ್ಟಿದಳು. ನಾಲ್ಕು ವರ್ಷದವಳಾದಾಗ ತಾಯಿತಂದೆಗಳು ಅವಳನ್ನು ಯುರೋಪಿನಲ್ಲಿ ಬಿಟ್ಟು ಹಿಂದೂಸ್ಥಾನಕ್ಕೆ ಮರಳಿದರು. ಕ್ರೌರ್ಯದಿಂದಲ್ಲ, ಮಿಷನರಿಗಳಲ್ಲಿ ಅಂದು ಅದೇ ವಾಡಿಕೆ. ಸೂಯೆಜ್ ಕಾಲುವೆಯನ್ನು ಇನ್ನೂ ತೋಡಿರಲಿಲ್ಲ. ಕಾಗದವೊಂದು ಹೋಗಿ ಉತ್ತರ ಬರುವುದಕ್ಕೆ ತಿಂಗಳುಗಳೇ ಬೇಕು. ತಾಯಿ ಜೂಲಿಯವರು ಮಲಬಾರಿನ ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದರು. ಅವರ ಮಗಳು ಅಕ್ಷರ ಕಲಿತುದು ಪರರ ಆಶ್ರಯದಲ್ಲಿ. ತಾನು ಸುಖಿಯಾದ ಮಗುವಾಗಿರಲಿಲ್ಲವೆಂದು ಮುಂದೆ ಅವಳೇ ಹೇಳಿಕೊಂಡಳು. ೧೮೫೭ರಲ್ಲಿ ತಿರುಗಿ ಬಂದಾಗ ಅವಳಿಗೆ ಹದಿನೈದು. (೧೯೪೬ರಲ್ಲಿ ನೊಬೆಲ್ ಬಹುಮಾನ ಪಡೆದ ಕಾದಂಬರಿಕಾರ ಹೆರ್ಮನ್ ಹೆಸ್ಸೆ ಇವಳ ಮಗನೇ.)

ಗುಂಡರ್ಟರ ಮಲೆಯಾಳ ನಿಘಂಟು ೧೮೭೨ರಲ್ಲಿ ಹೊರಬಂದಿತು. ಅಂಥ ಸೇವೆಗೆ ತೆತ್ತ ಬೆಲೆ ಹೆಚ್ಚಾಯಿತೆನ್ನಲು ನಾನಾರು? ನನ್ನದು ಸೇವೆಯೂ ಅಲ್ಲ, ಹೊಟ್ಟೆಪಾಡು. ಅದಕ್ಕಾಗಿಯೇ ಐದು ವರ್ಷದ ಮಗನನ್ನು ಅಜ್ಜಿಯ ಮನೆಯಲ್ಲಿ ಬಿಟ್ಟು ದೂರದೂರಿಗೆ ಹೋಗಿದ್ದೆನು. ಹಣ ತಪ್ಪದೆ ಕಳುಹಿಸುತ್ತಿದ್ದೆನು. ಅದರಿಂದ ಕರ್ತವ್ಯ ತೀರಿತೆಂದೇ ತಿಳಿದಿದ್ದೆನು. ಎರಡು ವರ್ಷಗಳ ಮೇಲೆ ಬಂದು ಜಗಲಿಯನ್ನೇರಿದಾಗ ಅವನು ಕಂಬದ ಮರೆಗೆ ಸರಿದು ಒಳಕ್ಕೆ ಕೂಗಿದನು: “ಅಜ್ಜೀ, ಯಾರೋ ಬಂದಿದ್ದಾರೆ.”